ದಿನಕ್ಕೆ ತೊಂಬತ್ತಾರು ಕಾಲುಗಂಟೆ

ಭಾರತದ ವಿದ್ಯುತ್ ಜಾಲಕ್ಕೆ ದಿನವೆಂದರೆ ತೊಂಬತ್ತಾರು ಕಾಲುಗಂಟೆ. ಯಾವ ಸ್ಥಾವರ ಎಷ್ಟು ಉತ್ಪಾದಿಸಬೇಕು, ಯಾವ ರಾಜ್ಯ ಎಷ್ಟು ಸೆಳೆದುಕೊಳ್ಳಬಹುದು ಎಂಬ ವೇಳಾಪಟ್ಟಿಯೆಲ್ಲ ಹದಿನೈದು ನಿಮಿಷಗಳ ಲೆಕ್ಕದಲ್ಲೇ ತಯಾರಾಗುತ್ತದೆ. ವಿಶ್ವವಿದ್ಯಾಲಯದಂಥ ದೊಡ್ಡ ಗ್ರಾಹಕರ ಆವರಣದಲ್ಲಿ ಕೂರಿಸಿರುವ ಮೀಟರುಗಳೂ ಕಾಲುಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಬಳಕೆಯನ್ನು ದಾಖಲಿಸಿಕೊಳ್ಳುತ್ತವೆ. ಕಾಲುಗಂಟೆಗೊಂದರಂತೆ ಹಿಡಿದರೆ ವರ್ಷಕ್ಕೆ 35,040 ಅಂಕಿಗಳು. ತಿಂಗಳ ಕೊನೆಗೆ ಅವೆಲ್ಲ ಕೂಡಿ ಬಿಲ್ಲಿನಲ್ಲಿ ಒಂದೇ ಅಂಕಿಯಾಗಿ ಬರುತ್ತವೆ. ಲೆಕ್ಕಪತ್ರ ವಿಭಾಗ ಹಣ ಕಟ್ಟುತ್ತದೆ. ವಾರ್ಷಿಕ ವರದಿಯಲ್ಲಿ ಹನ್ನೆರಡು ತಿಂಗಳದ್ದೂ ಸೇರಿ ಒಂದು ಸಾಲಾಗುತ್ತದೆ. ಕಟ್ಟಡವೊಂದು ಶಕ್ತಿಯನ್ನು ಹೇಗೆ ಖರ್ಚು ಮಾಡುತ್ತಿದೆ, ಎಷ್ಟು ಇಂಗಾಲವನ್ನು ಗಾಳಿಗೆ ಬಿಡುತ್ತಿದೆ ಎಂದು ತಿಳಿಯಬೇಕಾದರೆ ಆ ಸಾಲನ್ನು ಬಿಚ್ಚಿ ಮತ್ತೆ ಕಾಲುಗಂಟೆಗಳ ಮಟ್ಟಕ್ಕೆ ಇಳಿಯಬೇಕು. ‘ಎಷ್ಟು’ ಎಂಬ ಪ್ರಶ್ನೆಗಿಂತ ‘ಯಾವಾಗ’ ಎಂಬ ಪ್ರಶ್ನೆ ಹೆಚ್ಚು ತಿಳಿಸುತ್ತದೆ. ದೆಹಲಿಯ ಮಟ್ಟಿಗಂತೂ ಇದು ಪೂರ್ತಿ ನಿಜ, ಏಕೆಂದರೆ ಅಲ್ಲಿ ಒಂದೇ ಕಟ್ಟಡ ಒಂದೇ ವರ್ಷದಲ್ಲಿ ಮೂರು ಬೇರೆ ಬೇರೆ ಹವೆಗಳನ್ನು ತಾಳಿಕೊಳ್ಳಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ಹಂಚಿದೆ. ಬೆಂಗಳೂರು ಸಮಶೀತೋಷ್ಣ ವಲಯದ ಊರು. ದೆಹಲಿ ಮಿಶ್ರ ವಲಯದ್ದು. ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿ ರಾಯಚೂರು, ಕಲಬುರಗಿಯವರಿಗೆ ಚೆನ್ನಾಗಿ ಗೊತ್ತಿರುವ ಒಣ ಬಿಸಿಲು, ಜೊತೆಗೆ ‘ಲೂ’ ಎಂದು ಕರೆಯುವ ಬಿಸಿಗಾಳಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನವರಿಗೆ ಗೊತ್ತಿರುವ ಬೆವರು. ಡಿಸೆಂಬರ್, ಜನವರಿಯಲ್ಲಿ ಕರ್ನಾಟಕದ ಬಹುಪಾಲು ಜನ ಕಂಡಿರದ ಚಳಿ. ಧಾರವಾಡದಿಂದಲೋ ಮೈಸೂರಿನಿಂದಲೋ ಓದಲು ಹೋದ ಹುಡುಗ ಹುಡುಗಿಯರು ದೆಹಲಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಗೆ ಮೇ ತಿಂಗಳಲ್ಲಿ ಕೂಲರು, ಆಗಸ್ಟಿನಲ್ಲಿ ಫ್ಯಾನು, ಜನವರಿಯಲ್ಲಿ ಹೀಟರು ಹುಡುಕುವುದು ಇದೇ ಕಾರಣಕ್ಕೆ.

ಬೆಂಗಳೂರಿನಲ್ಲಿ ಒಳ್ಳೆಯದಾದ ಉಪಾಯ ದೆಹಲಿಗೆ ಏಕೆ ಸಲ್ಲುವುದಿಲ್ಲ ಎಂಬುದಕ್ಕೆ ದೊಮ್ಮಲೂರಿನಲ್ಲಿರುವ, ಇಂಧನ ಮತ್ತು ಸಂಪನ್ಮೂಲಗಳ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ಕಚೇರಿಯನ್ನೇ ನೋಡಬಹುದು. ನಿವೇಶನದ ದಕ್ಷಿಣಕ್ಕೆ ಕೊಳಚೆ ಕಾಲುವೆ, ಗಾಳಿ ಬರುವುದೂ ಆ ಕಡೆಯಿಂದಲೇ. ವಾಸ್ತುಶಿಲ್ಪಿ ಸಂಜಯ್ ಮೋಹೆ ದಕ್ಷಿಣದ ಗೋಡೆಯನ್ನು ಮುಚ್ಚಿ ಅದರ ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಹಿಂದಿನ ಟೊಳ್ಳಿನಲ್ಲಿರುವ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಜಾಗ ತುಂಬಲು ಉತ್ತರದ ಕಿಟಕಿಗಳಿಂದ ತಾಜಾ ಗಾಳಿ ಒಳಗೆ ಹರಿಯುತ್ತದೆ. ಕಟ್ಟಡಕ್ಕೆ ಬೇಕಾದ ಗಾಳಿಯನ್ನು ಬಿಸಿಲೇ ಎಳೆದು ತರುತ್ತದೆ. ಬಹಳ ಚೆಲುವಾದ ಕೆಲಸ. ಆದರೆ ಹೊರಗಿನ ಗಾಳಿ ವರ್ಷದ ಬಹುಪಾಲು ಹಿತವಾಗಿರುವ ಊರಿನಲ್ಲಿ ಮಾತ್ರ ಇದು ನಡೆಯುತ್ತದೆ. ಮೇ ತಿಂಗಳ ದೆಹಲಿಯಲ್ಲಿ ಇದೇ ಕಟ್ಟಡ 44 ಡಿಗ್ರಿಯ ಗಾಳಿಯನ್ನು ಶ್ರದ್ಧೆಯಿಂದ ಒಳಗೆ ತುಂಬಿಕೊಳ್ಳುತ್ತಿತ್ತು.

ಈಗ ಮೀಟರಿಗೆ ಬರೋಣ. ಲೆಕ್ಕಕ್ಕೆಂದು ಒಂದು ವಿಭಾಗದ ಕಟ್ಟಡವನ್ನು ಊಹಿಸಿಕೊಳ್ಳಿ: 5,000 ಚದರ ಮೀಟರ್ ವಿಸ್ತೀರ್ಣ, ವರ್ಷಕ್ಕೆ 5 ಲಕ್ಷ ಯೂನಿಟ್ ಬಳಕೆ. ಭಾಗಿಸಿದರೆ ಚದರ ಮೀಟರಿಗೆ 100 ಯೂನಿಟ್. ಇಂಧನ ದಕ್ಷತೆಯ ತಜ್ಞರು ಮೊದಲು ಕೇಳುವುದು ಈ ಸೂಚ್ಯಂಕವನ್ನೇ. ಇಂಧನ ದಕ್ಷತಾ ಬ್ಯೂರೊ 2009ರಲ್ಲಿ ಕಚೇರಿ ಕಟ್ಟಡಗಳಿಗೆ ನಕ್ಷತ್ರ ಕೊಡಲು ಆರಂಭಿಸಿದಾಗ, ಮಿಶ್ರ ಹವೆಯ ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಏಸಿ ಇರುವ ಕಟ್ಟಡ 90ಕ್ಕಿಂತ ಕೆಳಗಿದ್ದರೆ ಐದು ನಕ್ಷತ್ರ, 165ರಿಂದ 190ರೊಳಗಿದ್ದರೆ ಒಂದೇ ನಕ್ಷತ್ರ ಎಂದು ಗೊತ್ತುಮಾಡಿತು. ಏಸಿ ಅರ್ಧಕ್ಕಿಂತ ಕಡಿಮೆ ಇರುವ ಕಟ್ಟಡಕ್ಕೆ ಐದು ನಕ್ಷತ್ರ ಬೇಕಾದರೆ 40ಕ್ಕಿಂತ ಕೆಳಗಿರಬೇಕಿತ್ತು. ನಮ್ಮ ಊಹೆಯ ಕಟ್ಟಡ ಏಸಿ ಇರುವ ಕಚೇರಿಯಾಗಿದ್ದರೆ ನಾಲ್ಕು ನಕ್ಷತ್ರದ ಸಭ್ಯ ಕಟ್ಟಡ. ಕೆಲಸ ಮುಗಿಯಿತು ಎಂದು ಅಲ್ಲಿಗೇ ಬಿಡುವವರೇ ಹೆಚ್ಚು.

ಆದರೆ ನಸುಕಿನ ಮೂರು ಗಂಟೆಯ ಅಂಕಿಯನ್ನು ನೋಡಿ. ಆ ಹೊತ್ತಿನಲ್ಲಿ ಕಟ್ಟಡ 25 ಕಿಲೋವಾಟ್ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ. ಒಳಗೆ ಯಾರೂ ಇಲ್ಲ. ಈ 25 ಕಿಲೋವಾಟ್ ಹಗಲಲ್ಲೂ ಇರುತ್ತದೆ, ಭಾನುವಾರವೂ ಇರುತ್ತದೆ, ಹೋಳಿ ದೀಪಾವಳಿಗೂ ಇರುತ್ತದೆ. ವರ್ಷದ 8,760 ಗಂಟೆಗಳಿಂದ ಗುಣಿಸಿದರೆ 2,19,000 ಯೂನಿಟ್, ಅಂದರೆ ಒಟ್ಟು ಬಳಕೆಯ ಶೇ. 44. ದಿನಕ್ಕೆ ಹತ್ತು ಗಂಟೆಯಂತೆ 250 ದಿನ ಪಾಠ ಪ್ರಯೋಗ ನಡೆದರೂ ಕಟ್ಟಡ ಜನರಿಂದ ತುಂಬಿರುವುದು 2,500 ಗಂಟೆ, ವರ್ಷದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಉಳಿದ ಸುಮಾರು ಮುಕ್ಕಾಲು ಭಾಗ ಕಟ್ಟಡ ಯಾರಿಗಾಗಿ ಓಡುತ್ತಿದೆ ಎಂಬುದನ್ನು ವಾರ್ಷಿಕ ಸರಾಸರಿ ಎಂದೂ ಹೇಳುವುದಿಲ್ಲ.

ರಾತ್ರಿ ಕಟ್ಟಡದಲ್ಲಿ ಸುತ್ತಾಡಿದರೆ ಉತ್ತರ ಸಿಗುತ್ತದೆ. ಪಡಸಾಲೆಯ ದೀಪಗಳು. ಮಹಡಿಗೊಂದರಂತೆ ನಿಂತು ಇಡೀ ರಾತ್ರಿ ಯಾರೂ ಕುಡಿಯದ ನೀರನ್ನು ತಣಿಸುತ್ತಿರುವ ವಾಟರ್ ಕೂಲರುಗಳು. ಸರ್ವರ್ ಕೋಣೆ, ಆ ಸರ್ವರುಗಳ ಬಿಸಿಯನ್ನು ಹೊರಹಾಕುವ ಏಸಿ. ಜೀವವಿಜ್ಞಾನದ ಪ್ರಯೋಗಾಲಯದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರುಗಳು. ಹಳೆಯ ಮಾದರಿಯದು ಒಂದೊಂದೂ ದಿನಕ್ಕೆ ಇಪ್ಪತ್ತು ಯೂನಿಟ್ ತಿನ್ನುತ್ತದೆ. ಮಾದರಿಗಳಿಗೆ ಮೈನಸ್ 70 ಸಾಕಾಗುವ ಕಡೆ ಹತ್ತು ಡಿಗ್ರಿ ಮೇಲಕ್ಕೆ ತಂದರೆ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ರಸಾಯನವಿಜ್ಞಾನದಲ್ಲಿ ಹೊಗೆಗೂಡುಗಳ (ಫ್ಯೂಮ್ ಹುಡ್) ಎಕ್ಸಾಸ್ಟ್ ಫ್ಯಾನು. ಅದು ತನ್ನ ಕರೆಂಟನ್ನು ತಿನ್ನುವುದಲ್ಲದೆ, ಹಣ ಕೊಟ್ಟು ತಂಪು ಮಾಡಿದ ಗಾಳಿಯನ್ನೂ ಕೊಳವೆಯಿಂದ ಆಕಾಶಕ್ಕೆ ಚೆಲ್ಲುತ್ತದೆ. ಫ್ಯಾನಿನ ವಿಷಯದಲ್ಲಿ ಒಂದು ಒಳ್ಳೆಯ ನಿಯಮವಿದೆ. ಅದಕ್ಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ; ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಗೂಡಿನ ಗಾಜನ್ನು ಕೆಳಗೆ ಎಳೆದು, ವೇಗ ತಗ್ಗುವ ವ್ಯವಸ್ಥೆ ಮಾಡಿ ಮನೆಗೆ ಹೋಗುವ ಸಂಶೋಧಕಿ ಸಣ್ಣ ಕೆಲಸ ಮಾಡಿದಂತೆ ಕಾಣುತ್ತದೆ, ಆದರೆ ಅದು ಸಣ್ಣದಲ್ಲ.

ಈ ರಾತ್ರಿಯ ಹೊರೆಯಲ್ಲಿ 10 ಕಿಲೋವಾಟ್ ಕಡಿಮೆ ಮಾಡಿದರೆ ವರ್ಷಕ್ಕೆ 87,600 ಯೂನಿಟ್ ಉಳಿತಾಯ. ದೆಹಲಿಯ ಬಿಸಿಲಿನಲ್ಲಿ ಒಂದು ಕಿಲೋವಾಟ್ ಸೌರಫಲಕ ವರ್ಷಕ್ಕೆ 1,350 ಯೂನಿಟ್ ಆಸುಪಾಸು ಕೊಡುತ್ತದೆ. ಅಷ್ಟೇ ವಿದ್ಯುತ್ತನ್ನು ಫಲಕಗಳಿಂದ ಪಡೆಯಬೇಕಾದರೆ 65 ಕಿಲೋವಾಟ್ ಸಾಮರ್ಥ್ಯ ಬೇಕು, ಅದಕ್ಕೆ ಸುಮಾರು 650 ಚದರ ಮೀಟರ್ ತಾರಸಿ ಬೇಕು. ಫಲಕಗಳನ್ನು ಹಾಕಬಾರದೆಂದಲ್ಲ, ಹಾಕಲೇಬೇಕು. ಆದರೆ ಮೊದಲು ನಸುಕಿನ ಮೂರು ಗಂಟೆಯನ್ನು ಸರಿಪಡಿಸಿಕೊಂಡ ಕಟ್ಟಡಕ್ಕೆ ಎಷ್ಟು ಫಲಕ ಬೇಕು ಎಂಬ ಲೆಕ್ಕವೇ ಬದಲಾಗುತ್ತದೆ. ಉದ್ಘಾಟನೆಗೆ, ಫೋಟೊಗೆ ಫಲಕ ಒದಗುತ್ತದೆ, ಆರಿಸಿದ ವಾಟರ್ ಕೂಲರು ಒದಗುವುದಿಲ್ಲ. ನಮ್ಮ ಸಂಸ್ಥೆಗಳ ಆದ್ಯತೆಗಳು ತಲೆಕೆಳಗಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಗಲಿನ ಹೊರೆಯದು ಬೇರೆ ಕಥೆ. ಅದರ ಮುಖ್ಯ ಪಾತ್ರ ಶಾಖ. ದೆಹಲಿಯ ವಿದ್ಯುತ್ ಬೇಡಿಕೆ 2024ರ ಜೂನ್ 19ರಂದು ಮಧ್ಯಾಹ್ನ ಮೂರರ ಹೊತ್ತಿಗೆ 8,656 ಮೆಗಾವಾಟ್ ಮುಟ್ಟಿತು. ಆವರೆಗಿನ ದಾಖಲೆ ಅದು. ಬೇಸಿಗೆಯಲ್ಲಿ ಈ ನಗರದ ಬೇಡಿಕೆ ದಿನಕ್ಕೆ ಎರಡು ಸಲ ಶಿಖರ ಮುಟ್ಟುತ್ತದೆ, ಮಧ್ಯಾಹ್ನ ಒಮ್ಮೆ, ನಡುರಾತ್ರಿಯ ಸುಮಾರಿಗೆ ಇನ್ನೊಮ್ಮೆ. ಸೂರ್ಯ ಮುಳುಗಿ ನಾಲ್ಕೈದು ಗಂಟೆಯಾದ ಮೇಲೆ ಏಕೆ? ಜನ ಮನೆ ಸೇರಿ ಏಸಿ ಹಾಕುತ್ತಾರೆ ಎನ್ನುವುದು ಒಂದು ಕಾರಣ. ಗೋಡೆಗಳು ಇನ್ನೊಂದು. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯ ಹೊರಮೈಗೆ ಬಿದ್ದ ಬಿಸಿಲಿನ ಕಾವು ಒಳಮೈಗೆ ಬರಲು ಏಳೆಂಟು ಗಂಟೆ ಹಿಡಿಯುತ್ತದೆ. ಪಡುವಣ ಗೋಡೆ ನಾಲ್ಕು ಗಂಟೆಗೆ ಕುಡಿದ ಬಿಸಿಲನ್ನು ರಾತ್ರಿ ಹನ್ನೊಂದಕ್ಕೆ ಕೋಣೆಯೊಳಗೆ ಬಿಡುತ್ತದೆ.

ಹಗಲಲ್ಲಿ ಮಾತ್ರ ಬಳಸುವ ತರಗತಿಗೆ ಇದು ವರ. ಕಾವು ಒಳಬರುವ ಹೊತ್ತಿಗೆ ವಿದ್ಯಾರ್ಥಿಗಳು ಹೋಗಿರುತ್ತಾರೆ. ರಾತ್ರಿ ಮಲಗುವ ಹಾಸ್ಟೆಲಿಗೆ ಅದೇ ಗೋಡೆ ಶಾಪ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1969ರಲ್ಲಿ. ಅರಾವಳಿಯ ಬಂಡೆ, ಕುರುಚಲು ಕಾಡಿನ ನಡುವೆ ಸಿ.ಪಿ. ಕುಕ್ರೇಜಾ ರೂಪಿಸಿದ ಅದರ ಕ್ಯಾಂಪಸ್ಸಿನಲ್ಲಿ ಗಾರೆ ಹಚ್ಚದ ಕೆಂಪು ಇಟ್ಟಿಗೆಯ ಗೋಡೆಗಳೇ ಎಲ್ಲೆಲ್ಲೂ. ಬೋಧನಾ ವಿಭಾಗಕ್ಕೂ ವಸತಿಗೂ ಒಂದೇ ಬಗೆಯ ಗೋಡೆ ಕಟ್ಟುವುದು ನಮ್ಮ ದೇಶದ ಹೆಚ್ಚಿನ ಕ್ಯಾಂಪಸ್ಸುಗಳ ರೂಢಿ. ಗೋಡೆಯ ದಪ್ಪವನ್ನು, ದಿಕ್ಕನ್ನು, ಆ ಕೋಣೆಯಲ್ಲಿ ಜನ ಯಾವ ಹೊತ್ತಿನಲ್ಲಿ ಇರುತ್ತಾರೆ ಎಂಬುದಕ್ಕೆ ಹೊಂದಿಸುವುದು ನಕ್ಷೆಯ ಹಂತದಲ್ಲಿ ಬಿಡಿಗಾಸಿನ ಖರ್ಚಿಲ್ಲದೆ ಆಗುವ ಕೆಲಸ. ಕಟ್ಟಿದ ಮೇಲೆ ಆ ಲೋಪವನ್ನು ಏಸಿಯಿಂದ ತೀರಿಸಬೇಕು.

ದಪ್ಪ ಗೋಡೆ ಕಾವನ್ನು ಏಳೆಂಟು ಗಂಟೆ ತಡಮಾಡುತ್ತದೆ ಎಂದಾಯಿತು. ನೆಲ ಎಷ್ಟು ತಡಮಾಡಬಲ್ಲದು? ಗುರುಗ್ರಾಮದಿಂದ ಫರೀದಾಬಾದಿನ ಕಡೆ ಹೋಗುವ ರಸ್ತೆಯಲ್ಲಿ ಗ್ವಾಲ್ ಪಹಾಡಿ ಎಂಬ ಊರಿದೆ. ಅಲ್ಲಿ ಟೆರಿ ಸಂಸ್ಥೆ 2000ದಲ್ಲಿ ‘ರಿಟ್ರೀಟ್’ ಎಂಬ ತರಬೇತಿ ಕೇಂದ್ರವನ್ನು ತೆರೆಯಿತು. ವಾಸ್ತುಶಿಲ್ಪಿ ಸಂಜಯ್ ಪ್ರಕಾಶ್. ಕಟ್ಟಡದ ಒಂದಿಷ್ಟು ಭಾಗ ನೆಲದೊಳಗೆ ಇಳಿದಿದೆ. ಚಳಿಗಾಲದ ಬಿಸಿಲು ಸಿಗಲೆಂದು ದಕ್ಷಿಣಕ್ಕೆ ಮುಖ, ಬೇಸಿಗೆಯಲ್ಲಿ ನೆರಳು ಕೊಟ್ಟು ಚಳಿಗಾಲದಲ್ಲಿ ಎಲೆ ಉದುರಿಸಿ ಬಿಸಿಲು ಬಿಡುವ ಮರಗಳು, ತಾರಸಿಯ ಮೇಲೆ ಬಿಳಿ ಚೈನಾ ಮೊಸಾಯಿಕ್ ಚೂರುಗಳು. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣುವುದಿಲ್ಲ. ನೆಲದಿಂದ 4 ಮೀಟರ್ ಕೆಳಗೆ 70 ಮೀಟರ್ ಉದ್ದ, 70 ಸೆಂಟಿಮೀಟರ್ ವ್ಯಾಸದ ನಾಲ್ಕು ಕೊಳವೆಗಳಿವೆ. ಹೊರಗಿನ ಗಾಳಿಯನ್ನು ಫ್ಯಾನುಗಳು ಈ ಕೊಳವೆಗಳ ಮೂಲಕ ತಳ್ಳಿ ಕೋಣೆಗಳಿಗೆ ಕಳಿಸುತ್ತವೆ. ಕೋಣೆಯ ಗಾಳಿಯನ್ನು ಬಿಸಿಲಿನಿಂದ ಕಾಯುವ ಸೌರ ಚಿಮಣಿಗಳು ಮೇಲಿಂದ ಹೊರಗೆಳೆಯುತ್ತವೆ.

ಉತ್ತರ ಕರ್ನಾಟಕದವರಿಗೆ ಇದರ ತತ್ವ ಹೊಸದಲ್ಲ. ಜೋಳ ತುಂಬಿಡುತ್ತಿದ್ದ ಹಗೇವಿನೊಳಗೆ ಇಳಿದವರಿಗೆಲ್ಲ ನೆಲದಾಳಕ್ಕೆ ಬೇಸಿಗೆ ತಟ್ಟುವುದಿಲ್ಲವೆಂದು ಗೊತ್ತಿತ್ತು. ಭೌತಶಾಸ್ತ್ರ ಅದಕ್ಕೆ ಅಳತೆ ಕೊಡುತ್ತದೆ. ದೆಹಲಿಯಲ್ಲಿ ಜನವರಿಯ ಸರಾಸರಿ ಉಷ್ಣತೆ ಸುಮಾರು 14 ಡಿಗ್ರಿ, ಜೂನಿನದು 34ರ ಹತ್ತಿರ. ಈ ಏರಿಳಿತ ಒಂದು ಅಲೆಯಾಗಿ ನಿಧಾನಕ್ಕೆ ನೆಲದೊಳಕ್ಕೆ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಸೊರಗುತ್ತದೆ. ಸಾಧಾರಣ ಮಣ್ಣಿನಲ್ಲಿ 4 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಅಲೆಯ ಎತ್ತರ ಆರನೇ ಒಂದಕ್ಕೆ ಇಳಿದಿರುತ್ತದೆ; ಅಲ್ಲಿನ ಉಷ್ಣತೆ 26 ಡಿಗ್ರಿಯ ಆಚೀಚೆ ಒಂದೆರಡು ಡಿಗ್ರಿಯೊಳಗೇ ಇರುತ್ತದೆ. ಇನ್ನೂ ಸೊಗಸಾದದ್ದು ತಡ. ಅಷ್ಟು ಆಳಕ್ಕೆ ಅಲೆ ತಲುಪಲು ಸುಮಾರು ಮೂರೂವರೆ ತಿಂಗಳು ಬೇಕು. ಮಣ್ಣಿನ ಗುಣ, ತೇವಕ್ಕೆ ತಕ್ಕಂತೆ ಇದು ಒಂದಿಷ್ಟು ಹೆಚ್ಚುಕಮ್ಮಿಯಾಗುತ್ತದೆ, ಆದರೆ ಲೆಕ್ಕದ ಸಾರ ಬದಲಾಗುವುದಿಲ್ಲ. ಜನವರಿ ನಡುವಿನ ಚಳಿ ಕೊಳವೆಗಳನ್ನು ಮುಟ್ಟುವುದು ಏಪ್ರಿಲ್ ಕೊನೆಗೆ. ಮೇಲೆ ಲೂ ಬೀಸಲು ಆರಂಭಿಸುವ ಹೊತ್ತಿಗೆ ಸರಿಯಾಗಿ ಕೆಳಗೆ ಮಣ್ಣು ತನ್ನ ಅತಿ ತಂಪಿನ ಸ್ಥಿತಿಯಲ್ಲಿರುತ್ತದೆ. ಚಳಿಗಾಲವನ್ನು ಕೂಡಿಟ್ಟು ಬೇಸಿಗೆಗೆ ಕೊಡುವ ಈ ಗೋದಾಮಿಗೆ ಕರೆಂಟು ಬೇಕಾಗಿರುವುದು ಗಾಳಿ ತಳ್ಳುವ ಫ್ಯಾನಿಗೆ ಮಾತ್ರ.

ಇಂಥ ಎಲ್ಲ ಏರ್ಪಾಡುಗಳ ಫಲವಾಗಿ ಸಾಂಪ್ರದಾಯಿಕವಾಗಿ ಕಟ್ಟಿದ್ದರೆ 280 ಕಿಲೋವಾಟ್ ಬೇಕಾಗುತ್ತಿದ್ದ ಗರಿಷ್ಠ ಹೊರೆ ರಿಟ್ರೀಟಿನ ವಿನ್ಯಾಸದಲ್ಲಿ 96 ಕಿಲೋವಾಟಿಗೆ ಇಳಿಯಿತು. ಟೆರಿಯ ವಿಶ್ವವಿದ್ಯಾಲಯ 2008ರಲ್ಲಿ ವಸಂತ್ ಕುಂಜದ ಹೊಸ ಕ್ಯಾಂಪಸ್ಸಿಗೆ ಬಂದಾಗ ಅಲ್ಲಿಯೂ ನೆಲದೊಳಗಿನ ಕೊಳವೆಗಳು ಬಂದವು. ಆದರೂ ದೆಹಲಿಯ ಸುತ್ತ ಆನಂತರ ಎದ್ದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಕಾಣುವುದು ಬಹುಪಾಲು ಗಾಜು. ಎದುರಿಗೇ ಅಷ್ಟು ಒಳ್ಳೆಯ ಪಾಠ ಇದ್ದೂ ಕಲಿಯದಿದ್ದದ್ದು ನೋವಿನ ಸಂಗತಿ.

ನೆಲದ ಕೊಳವೆಗೂ ಮಿತಿ ಇದೆ, ಅದು ಜುಲೈನಲ್ಲಿ ಬಯಲಾಗುತ್ತದೆ. ಹಾಸ್ಟೆಲುಗಳ ಡೆಸರ್ಟ್ ಕೂಲರುಗಳದ್ದೂ ಇದೇ ಕಥೆ. ಲಾವಂಚದ ಚಾಪೆಗೋ ಮರದ ಸಿಬಿರಿನ ಹಾಸಿಗೋ ನೀರು ಹರಿಸಿ ಗಾಳಿ ಹಾಯಿಸಿದಾಗ, ನೀರು ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಹೊರಗೆ 42 ಡಿಗ್ರಿ, ಆರ್ದ್ರತೆ ಶೇ. 20 ಇರುವ ಮೇ ಮಧ್ಯಾಹ್ನದಲ್ಲಿ ಒಳ್ಳೆಯ ಕೂಲರು ಗಾಳಿಯನ್ನು 28 ಡಿಗ್ರಿಗೆ ಇಳಿಸಬಲ್ಲದು. ಜುಲೈನಲ್ಲಿ 34 ಡಿಗ್ರಿ, ಆರ್ದ್ರತೆ ಶೇ. 75 ಇದ್ದಾಗ ಅದೇ ಕೂಲರು 31ಕ್ಕಿಂತ ಕೆಳಗೆ ಇಳಿಸಲಾರದು, ಮೇಲಾಗಿ ಕೋಣೆಯನ್ನು ಒದ್ದೆ ಮಾಡುತ್ತದೆ. ಮುಂಗಾರಿನ ಗಾಳಿಯನ್ನು ಹಿತಗೊಳಿಸಬೇಕಾದರೆ ಅದರಲ್ಲಿರುವ ನೀರನ್ನೇ ತೆಗೆಯಬೇಕು. ಒಂದು ಕಿಲೋ ನೀರಾವಿಯನ್ನು ಹನಿಯಾಗಿಸುವಾಗ ಸುಮಾರು 0.7 ಯೂನಿಟ್‌ನಷ್ಟು ಶಾಖ ಹೊರಬೀಳುತ್ತದೆ, ಅದನ್ನು ಯಾವುದಾದರೂ ಯಂತ್ರ ಹೊತ್ತು ಹೊರಹಾಕಲೇಬೇಕು. ರಿಟ್ರೀಟಿನಲ್ಲೂ ಒಣ ಬೇಸಿಗೆಗೆ ಗಾಳಿ ತೊಳೆಯುವ ಸಾಧನ, ಮಳೆಗಾಲಕ್ಕೆ 10 ಟನ್ ಸಾಮರ್ಥ್ಯದ ತೇವ ತೆಗೆಯುವ ಯಂತ್ರ ಇಡಬೇಕಾಯಿತು. ದೆಹಲಿಯ ಕಟ್ಟಡಕ್ಕೆ ನಿಜವಾದ ಪರೀಕ್ಷೆ ಮೇ ಅಲ್ಲ, ಆಗಸ್ಟು.

ಹಾಗಾದರೆ ಎಷ್ಟು ತಂಪು ಬೇಕು? ಏಸಿ ಇರುವ ಕಟ್ಟಡಗಳಿಗೆ ಜಗತ್ತಿನಾದ್ಯಂತ ಬಳಸುವ ಹಿತದ ಸೂತ್ರ ಡೆನ್ಮಾರ್ಕಿನ ವಿಜ್ಞಾನಿ ಫ್ಯಾಂಗರ್ ಅವರದು. ಅಮೆರಿಕ, ಡೆನ್ಮಾರ್ಕಿನ ವಿದ್ಯಾರ್ಥಿಗಳನ್ನು ನಿಯಂತ್ರಿತ ಕೋಣೆಗಳಲ್ಲಿ ಕೂರಿಸಿ ಮಾಡಿದ ಪ್ರಯೋಗಗಳಿಂದ ಹುಟ್ಟಿದ್ದು. ನಮ್ಮ ಜನರ ಮೈಗೆ ಯಾವುದು ಹಿತ ಎಂದು ಕೇಳಿದ ದೊಡ್ಡ ಅಧ್ಯಯನ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ್ದು. ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾಗಳ 16 ಕಟ್ಟಡಗಳಲ್ಲಿ ಮೂರು ಋತುಗಳಲ್ಲಿ 6,330 ಉತ್ತರಗಳನ್ನು ಸಂಗ್ರಹಿಸಿದರು. ಹೊರಗಿನ ಹವೆ ಬಿಸಿಯಾದಂತೆ ಜನರ ಹಿತದ ಉಷ್ಣತೆಯೂ ಏರುತ್ತದೆ ಎಂದು ಕಂಡುಬಂತು. ಕಿಟಕಿ ತೆರೆದಿಡುವ ಕಟ್ಟಡಕ್ಕೆ ಅವರು ಕೊಟ್ಟ ಸೂತ್ರ ಸುಲಭ: ಕಳೆದ ಮೂವತ್ತು ದಿನಗಳ ಹೊರಗಿನ ಸರಾಸರಿಯನ್ನು 0.54ರಿಂದ ಗುಣಿಸಿ 12.83 ಕೂಡಿಸಿ. ಸರಾಸರಿ 32 ಇದ್ದರೆ ಉತ್ತರ 30 ಡಿಗ್ರಿ. ಈ ಸೂತ್ರ ಈಗ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಸೇರಿದೆ. 30 ಡಿಗ್ರಿ, ಜೊತೆಗೆ ತಲೆಯ ಮೇಲೆ ಫ್ಯಾನು. ಇಂದಿನ ಮಿತವ್ಯಯದ ಫ್ಯಾನಿಗೆ 30 ವಾಟ್ ಸಾಕು. ನೂರು ಜನ ಕೂತ ಸಭಾಂಗಣದಲ್ಲಿ ಮೈಬಿಸಿಯೇ 10 ಕಿಲೋವಾಟ್. ಅದನ್ನು 20 ಡಿಗ್ರಿಗೆ ತಣಿಸಿ ಎಲ್ಲರೂ ಶಾಲು ಹೊದ್ದು ಕೂರುವ ವಿಚಾರ ಸಂಕಿರಣಗಳನ್ನು ನಾವು ದೆಹಲಿಯಲ್ಲಷ್ಟೇ ಅಲ್ಲ, ಬೆಂಗಳೂರಿನಲ್ಲೂ ನಿಲ್ಲಿಸಬೇಕು. ಒಂದು ಡಿಗ್ರಿ ಮೇಲಕ್ಕೆ ಇಟ್ಟರೆ ಏಸಿಯ ಬಳಕೆ ಸುಮಾರು ಶೇ. 6 ಇಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತ ಬಂದಿದೆ.

ಇನ್ನು ಇಂಗಾಲ. ಯೂನಿಟ್ಟುಗಳನ್ನು ಇಂಗಾಲದ ಡೈಆಕ್ಸೈಡಿಗೆ ಪರಿವರ್ತಿಸಲು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಒಂದು ಗುಣಕ ಪ್ರಕಟಿಸುತ್ತದೆ. 2023-24ಕ್ಕೆ ಅದು ಯೂನಿಟ್ಟಿಗೆ ಸುಮಾರು 0.73 ಕಿಲೋ. ನಮ್ಮ ಊಹೆಯ ಕಟ್ಟಡದ 5 ಲಕ್ಷ ಯೂನಿಟ್ ಎಂದರೆ 365 ಟನ್. ಆ ಹೊಗೆ ದೆಹಲಿಯಲ್ಲಿ ಕಾಣುವುದಿಲ್ಲ. ರಾಜಧಾನಿಯೊಳಗಿನ ಕೊನೆಯ ಕಲ್ಲಿದ್ದಲು ಸ್ಥಾವರವಾಗಿದ್ದ ಬದರ್‌ಪುರ್ 2018ರ ಅಕ್ಟೋಬರಿನಲ್ಲಿ ಮುಚ್ಚಿತು. ಈಗ ಕಲ್ಲಿದ್ದಲಿನ ಕರೆಂಟು ದಾದ್ರಿ, ಝಜ್ಜರ್, ಇನ್ನೂ ದೂರದ ಸಿಂಗ್ರೌಲಿಯಂಥ ಕಡೆಗಳಿಂದ ಬರುತ್ತದೆ. 0.73 ಎನ್ನುವುದು ಇಡೀ ದೇಶದ, ಇಡೀ ವರ್ಷದ ಸರಾಸರಿ. ಮಧ್ಯಾಹ್ನ ಹನ್ನೆರಡಕ್ಕೆ ರಾಜಸ್ಥಾನ, ಗುಜರಾತು, ನಮ್ಮ ಪಾವಗಡದ ಫಲಕಗಳೆಲ್ಲ ದುಡಿಯುವಾಗ ಜಾಲದ ವಿದ್ಯುತ್ತು ಅದಕ್ಕಿಂತ ಶುಚಿ. ರಾತ್ರಿ ಹತ್ತಕ್ಕೆ ಬಹುಪಾಲು ಕಲ್ಲಿದ್ದಲು. ಹೀಗಿರುವಾಗ ಹಗಲು ಹನ್ನೆರಡರ ಯೂನಿಟ್ಟನ್ನೂ ರಾತ್ರಿ ಹತ್ತರ ಯೂನಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನಡುಹಗಲಲ್ಲಿ ನೀರನ್ನು ತಣಿಸಿ ತೊಟ್ಟಿಯಲ್ಲಿ ತುಂಬಿಟ್ಟುಕೊಂಡು ಸಂಜೆಯ ತಂಪಿಗೆ ಬಳಸುವ ಕ್ಯಾಂಪಸ್ಸು ಒಂದು ಯೂನಿಟ್ಟನ್ನೂ ಉಳಿಸದೆಯೇ ಇಂಗಾಲವನ್ನು ಉಳಿಸಬಲ್ಲದು.

ಐಐಟಿ ದೆಹಲಿ ಬೇರೆ ದಾರಿ ಹಿಡಿಯಿತು. ಹಿಮಾಚಲದ ಚಂಬಾ ಜಿಲ್ಲೆಯ ಜಲವಿದ್ಯುತ್ ಸ್ಥಾವರದಿಂದ 2 ಮೆಗಾವಾಟ್ ವಿದ್ಯುತ್ತನ್ನು ನೇರವಾಗಿ ಖರೀದಿಸಿ, ತನ್ನ ಹೊರಸೂಸುವಿಕೆ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು ಪ್ರಕಟಿಸಿತು. ಅಂತರರಾಷ್ಟ್ರೀಯ ಹಸಿರುಮನೆ ಅನಿಲ ಲೆಕ್ಕದ ನಿಯಮಗಳಲ್ಲಿ ಇದಕ್ಕೆ ಜಾಗವಿದೆ. ಖರೀದಿಸಿದ ವಿದ್ಯುತ್ತಿನ ಲೆಕ್ಕವನ್ನು ಎರಡು ಬಗೆಯಲ್ಲಿ ಕೊಡಬೇಕೆಂದು 2015ರ ಮಾರ್ಗಸೂಚಿ ಹೇಳುತ್ತದೆ: ಕಟ್ಟಡ ಇರುವ ಜಾಗದ ಜಾಲದ ಸರಾಸರಿಯಂತೆ ಒಂದು, ಕರಾರಿನಲ್ಲಿ ಕೊಂಡ ವಿದ್ಯುತ್ತಿನಂತೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದು ಕಟ್ಟಡದ ನಡತೆಯನ್ನು ತೋರಿಸುತ್ತದೆ, ಎರಡನೆಯದು ಖರೀದಿಯ ನಡತೆಯನ್ನು. ಇಲ್ಲಿಯೂ ‘ಯಾವಾಗ’ ಕೇಳಬೇಕು. ಹಿಮ ಕರಗಿ ಮಳೆ ಸೇರುವ ಜೂನ್, ಜುಲೈನಲ್ಲಿ ಹಿಮಾಚಲದ ನದಿಗಳು ಉಕ್ಕುತ್ತವೆ, ದೆಹಲಿಯ ಬೇಡಿಕೆಯೂ ಆಗಲೇ ಉಕ್ಕುತ್ತದೆ. ಎರಡರ ಹೊತ್ತೂ ಕೂಡಿಬರುವ ಒಳ್ಳೆಯ ಜೋಡಿ ಇದು. ಜನವರಿಯಲ್ಲಿ ಹಾಸ್ಟೆಲಿನ ಗೀಸರುಗಳು ಒಟ್ಟಿಗೆ ಆನ್ ಆಗುವ ಬೆಳಗ್ಗೆ ಮಾತ್ರ ನದಿ ಬಡವಾಗಿರುತ್ತದೆ.

ಕೊಳ್ಳುವ ಬದಲು ತಾನೇ ಉತ್ಪಾದಿಸಿಕೊಳ್ಳುವ ದಾರಿಯೂ ಇದೆ. ದೆಹಲಿಯ ಜೋರ್‌ಬಾಗಿನ ಇಂದಿರಾ ಪರ್ಯಾವರಣ ಭವನ ಕ್ಯಾಂಪಸ್ಸಲ್ಲ, ಕೇಂದ್ರ ಪರಿಸರ ಸಚಿವಾಲಯದ ಕಚೇರಿ. 2014ರಲ್ಲಿ ಉದ್ಘಾಟನೆಯಾದ ಅದರ ನೆತ್ತಿಯ ಮೇಲೆ 930 ಕಿಲೋವಾಟ್ ಫಲಕಗಳಿವೆ. ವರ್ಷದ ಒಟ್ಟು ಬಳಕೆಗೆ ವರ್ಷದ ಒಟ್ಟು ಉತ್ಪಾದನೆ ಸರಿದೂಗಬೇಕೆಂಬ ಗುರಿಯಿಂದ ಕಟ್ಟಿದ್ದು. ಸರ್ಕಾರಿ ಕಟ್ಟಡವೊಂದು ಅಷ್ಟರ ಮಟ್ಟಿಗೆ ಹೋದದ್ದು ದೊಡ್ಡ ಸಾಧನೆ. ಮುಂದಿನ ಹೆಜ್ಜೆ ವರ್ಷದ ಬದಲು ಗಂಟೆಗಂಟೆಗೂ ಸರಿದೂಗಿಸುವುದು.

ವಿದ್ಯುತ್ ಬಿಲ್ಲಿನಲ್ಲಿ ಎಂದೂ ಕಾಣದ ಹೊರಸೂಸುವಿಕೆಗಳೂ ಇವೆ. ಡೀಸೆಲ್ ಜನರೇಟರ್ ಲೀಟರಿಗೆ ಮೂರು ಮೂರೂವರೆ ಯೂನಿಟ್ ಕೊಟ್ಟು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಇಂಗಾಲದ ಲೆಕ್ಕದಲ್ಲಿ ಜಾಲಕ್ಕಿಂತ ಬಹಳ ಕೆಟ್ಟದ್ದೇನಲ್ಲ, ಆದರೆ ಅದರ ಮಸಿ ತರಗತಿಯ ಕಿಟಕಿಯ ಮಟ್ಟದಲ್ಲೇ ಬೀಳುತ್ತದೆ. ಹೆಚ್ಚು ಕಣ್ತಪ್ಪುವುದು ಏಸಿಯ ಗ್ಯಾಸು. ಇಂದು ನಡೆಯುತ್ತಿರುವ ಬಹಳಷ್ಟು ಏಸಿಗಳಲ್ಲಿರುವ ಆರ್-410ಎ ಅನಿಲ ಒಂದು ಕಿಲೋ ಸೋರಿದರೆ 2,088 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ಸುಮಾರು 2,860 ಯೂನಿಟ್ ಕರೆಂಟು ಸುಟ್ಟಷ್ಟು. ಹಿತ್ತಾಳೆಯ ನಟ್ಟೊಂದನ್ನು ಸರಿಯಾಗಿ ಬಿಗಿಯದ ಕಾರಣಕ್ಕೆ ‘ಗ್ಯಾಸ್ ಖಾಲಿಯಾಗಿದೆ’ ಎಂದು ಪ್ರತಿ ಬೇಸಿಗೆಯೂ ತುಂಬಿಸಿಕೊಳ್ಳುವ ವಿಭಾಗಗಳು ತಮಗೆ ಗೊತ್ತಿಲ್ಲದಂತೆ ಈ ಪ್ರಮಾಣವನ್ನು ಹೊರಬಿಡುತ್ತವೆ. ಆರ್-32ರ ಅಂಕಿ 675, ಮೂರನೇ ಒಂದು ಭಾಗ. ಇಂಥ ಅನಿಲಗಳನ್ನು ಇಳಿಸಲು ಒಪ್ಪಿದ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಸಹಿ ಮುದ್ರೆ ಒತ್ತಿದೆ. ಕ್ಯಾಂಪಸ್ಸಿನ ಉಗ್ರಾಣದಲ್ಲಿ ವರ್ಷಕ್ಕೆ ಎಷ್ಟು ಸಿಲಿಂಡರ್ ಗ್ಯಾಸು ಕೊಂಡರೆಂಬ ವಹಿ ಇರುತ್ತದೆ. ಸೋರಿದ್ದಷ್ಟನ್ನೇ ತುಂಬಿಸಿರುವುದರಿಂದ ಆ ವಹಿಯೇ ಸೋರಿಕೆಯ ಲೆಕ್ಕ. ಕಟ್ಟುವಾಗ ಸುರಿದ ಸಿಮೆಂಟು, ಉಕ್ಕು, ಇಟ್ಟಿಗೆಯ ಇಂಗಾಲವೂ ಇದೆ. ಮೊದಲ ದೀಪ ಹಚ್ಚುವ ಮುನ್ನವೇ ಗಾಳಿ ಸೇರಿದ ಅದನ್ನು ಮುಂದಿನ ಯಾವ ಮಿತವ್ಯಯವೂ ವಾಪಸು ತರಲಾರದು. ಗಟ್ಟಿಯಾಗಿರುವ ಹಳೆಯ ಕಟ್ಟಡವನ್ನು ಕೆಡವುವ ಮುನ್ನ ಹತ್ತು ಸಲ ಯೋಚಿಸಬೇಕು.

ಕಡೆಯದಾಗಿ ನವೆಂಬರ್. ಉಷ್ಣತೆಯ ಲೆಕ್ಕದಲ್ಲಿ ದೆಹಲಿಯ ಅತ್ಯುತ್ತಮ ದಿನಗಳು ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗಿನವು. ಹಗಲು ಸುಮಾರು 25ರಿಂದ 30 ಡಿಗ್ರಿ, ರಾತ್ರಿ 15ರ ಸುತ್ತಮುತ್ತ. ತಂಪೂ ಬೇಡ, ಕಾವೂ ಬೇಡ. ಕಿಟಕಿ ತೆರೆದರೆ ಸಾಕು, ಹೊಗೆಗೂಡು, ಫ್ರೀಜರು ಬಿಟ್ಟರೆ ಮೀಟರು ಅಲುಗಬೇಕಿಲ್ಲ. ಆದರೆ ಇದೇ ದಿನಗಳಲ್ಲಿ ಗಾಳಿ ನಿಂತು, ವಾಹನಗಳ ಹೊಗೆ, ರಸ್ತೆಯ ಧೂಳು, ಕೂಳೆ ಸುಟ್ಟ ಹೊಗೆ ಎಲ್ಲ ನೆಲದ ಹತ್ತಿರವೇ ಹೆಪ್ಪುಗಟ್ಟುತ್ತವೆ. ಪಿಎಂ 2.5 ಕಣಗಳಿಗೆ ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ನವೆಂಬರಿನಲ್ಲಿ ಅದರ ಹಲವು ಪಟ್ಟು. 2024ರ ನವೆಂಬರಿನಲ್ಲಿ ದೆಹಲಿ ವಿಶ್ವವಿದ್ಯಾಲಯವೂ ಜೆಎನ್‌ಯುವೂ ಕೆಲವು ದಿನ ತರಗತಿಗಳನ್ನು ಆನ್‌ಲೈನಿಗೆ ಬದಲಿಸಬೇಕಾಯಿತು. ಕಿಟಕಿ ಮುಚ್ಚಿ ಕೂತರೆ ಎಪ್ಪತ್ತು ವಿದ್ಯಾರ್ಥಿಗಳ ಉಸಿರಿನ ಇಂಗಾಲದ ಡೈಆಕ್ಸೈಡ್ ಕೋಣೆಯಲ್ಲೇ ತುಂಬಿ ತೂಕಡಿಕೆ ತರುತ್ತದೆ. ಹೊರಗಿನ ಗಾಳಿಯನ್ನು ದಪ್ಪ ಫಿಲ್ಟರುಗಳ ಮೂಲಕ ತಳ್ಳಿ ತರಬೇಕಾದರೆ ಫ್ಯಾನುಗಳಿಗೆ ಹೆಚ್ಚು ಶಕ್ತಿ ಬೇಕು. ಮೈಮೇಲೆ ಬಿಸಿಲಿಲ್ಲದ, ಚಳಿಯಿಲ್ಲದ ತಿಂಗಳಲ್ಲೂ ಯಂತ್ರ ಓಡಬೇಕಾಗಿದೆ.

ಆದ್ದರಿಂದ ಯಾವ ವಿಶ್ವವಿದ್ಯಾಲಯವಾದರೂ ತನ್ನ ಶಕ್ತಿಯ ಲೆಕ್ಕ ಬರೆಯುವಾಗ ಹೊರಗಿನ ಉಷ್ಣತೆ, ಆರ್ದ್ರತೆಯ ಜೊತೆಗೆ ಪಿಎಂ 2.5 ಅಂಕಿಯನ್ನೂ ಪಕ್ಕದ ಕಾಲಂನಲ್ಲಿ ಇಡಬೇಕು. ಕಿಟಕಿ ತೆರೆಯಬಹುದಾದಷ್ಟು ಹಿತವಾದ ಹವೆಯಿದ್ದೂ ಧೂಳಿನಿಂದಾಗಿ ಮುಚ್ಚಿಟ್ಟ ಗಂಟೆಗಳೆಷ್ಟು, ಆ ಗಂಟೆಗಳಲ್ಲಿ ಓಡಿದ ಫ್ಯಾನು, ಏಸಿ, ಏರ್ ಪ್ಯೂರಿಫೈಯರುಗಳ ಯೂನಿಟ್ಟುಗಳೆಷ್ಟು ಎಂಬುದು ಆಗ ಬೇರೆಯಾಗಿ ಎದ್ದು ಕಾಣುತ್ತದೆ. ದೆಹಲಿಯ ಕೆಟ್ಟ ಗಾಳಿಗೆ ಈವರೆಗೆ ಆಸ್ಪತ್ರೆಗಳ ಲೆಕ್ಕ ಮಾತ್ರ ಕೇಳಿದ್ದೇವೆ. ಅದಕ್ಕೊಂದು ವಿದ್ಯುತ್ತಿನ ಲೆಕ್ಕವೂ ಇದೆ, ಅದನ್ನು ಅಳೆಯಲು ಬೇಕಾದ ಉಪಕರಣಗಳೂ ತಿಳಿದ ವಿದ್ಯಾರ್ಥಿಗಳೂ ಆ ಕಟ್ಟಡಗಳ ಒಳಗೇ ಇದ್ದಾರೆ.